ಟವಲಿನ ಕೆಳಗಿನ ಕೈ

ಕಲ್ಲೇಶಪ್ಪನಿಗೆ ಲಕ್ವ ಹೊಡೆದ ಮೇಲೆ ಆ ಮನೆಯಲ್ಲಿ ಮೊದಲು ಖಾಲಿಯಾದದ್ದು ಕಾಫಿಪುಡಿ. ಆಮೇಲೆ ಬೆಲ್ಲ. ನೋಡಲು ಬಂದವರು ಜಗಲಿಯಲ್ಲಿ ಕೂತು, ಮಲಗಿದ್ದವನ ಮುಖ ನೋಡಿ ಲೊಚಗುಟ್ಟಿ, "ರುದ್ರಮ್ಮ ಇದ್ದಾಳಲ್ಲ, ಅದೇ ಪುಣ್ಯ" ಎಂದು ಹೇಳಿ ಲೋಟ ಕೆಳಗಿಟ್ಟು ಹೋಗುತ್ತಿದ್ದರು. ಆ ಲೋಟ ತೊಳೆಯುವವಳೂ ಅವನ ಹೆಂಡತಿ ರುದ್ರಮ್ಮನೇ.

ಕೊಡಗು ಇನ್ನೂ ತನ್ನದೇ ಒಂದು ಸಣ್ಣ ರಾಜ್ಯವಾಗಿದ್ದ ಕಾಲ ಅದು. ಶನಿವಾರಸಂತೆಗೆ ಎತ್ತಿನ ಗಾಡಿಯಲ್ಲಿ ಅರ್ಧ ಗಂಟೆಯ ದಾರಿಯಲ್ಲಿದ್ದ ಊರು. ಕಲ್ಲೇಶಪ್ಪನಿಗೆ ಗದ್ದೆ ಇತ್ತು, ಆದರೆ ಮನೆ ನಡೆಯುತ್ತಿದ್ದದ್ದು ಗದ್ದೆಯಿಂದಲ್ಲ, ದನದ ದಲ್ಲಾಳಿತನದಿಂದ. ಮಾರುವವರು ಶುಕ್ರವಾರ ಸಂಜೆಯೇ ದನ ಹೊಡೆದುಕೊಂಡು ಬಂದು ಅವನ ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದರು. ಬೆಳಿಗ್ಗೆ ಅವನು ಅವುಗಳನ್ನು ಸಂತೆಗೆ ಕೊಂಡೊಯ್ದು ಒಂದು ಟವಲಿನ ಕೆಳಗೆ ಬೆಲೆ ಕುದುರಿಸುತ್ತಿದ್ದ. ಕೊಳ್ಳುವವನು ದಲ್ಲಾಳಿಯ ಬೆರಳು ಹಿಡಿದು ಒತ್ತಿದರೆ ಅದು ಅವನು ಕೊಡುವ ಬೆಲೆ. ಒಂದು ಬೆರಳಿಗೆ ಒಂದು, ಮುಷ್ಟಿಗೆ ಐದು. ಮೊದಲು ನೂರರ ಲೆಕ್ಕ, ಆಮೇಲೆ ಹತ್ತರದು. ದಲ್ಲಾಳಿ ಆ ಕಡೆ ತಿರುಗಿ ಮಾರುವವನ ಬೆರಳು ಒತ್ತುತ್ತಾನೆ. ಎರಡು ಕಡೆಯವರಿಗೂ ಎದುರಿನವನು ಒತ್ತಿದ್ದೆಷ್ಟು ಎಂಬುದು ಗೊತ್ತಾಗುವುದಿಲ್ಲ. ಗೊತ್ತಿರುವುದು ನಡುವಿನ ಕೈಗೆ ಮಾತ್ರ.

ಶುಕ್ರವಾರ ಬಂದ ದನಗಳಿಗೆ ನೀರು, ಹುಲ್ಲು ಹಾಕಿ, ಮೈ ಉಜ್ಜಿ, ಕೋಡಿಗೆ ಎಣ್ಣೆ ಹಚ್ಚುತ್ತಿದ್ದವಳು ರುದ್ರಮ್ಮ. ಅದನ್ನು ದಲ್ಲಾಳಿ ಕೆಲಸ ಎಂದು ಯಾರೂ ಕರೆದಿರಲಿಲ್ಲ. ಅವಳೂ ಕರೆದುಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹೋರಿಯೊಂದರ ಮೂಗುದಾರ ಹಿಡಿದು ನಿಂತಿದ್ದವನ ಬಲಗೈಯಿಂದ ಹಗ್ಗ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನು ಹಾಗೇ ಸಗಣಿಯ ಮೇಲೆ ಕುಸಿದ. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆಗೆ ವಾಲಿತು. ಇಡೀ ಸಂತೆಯನ್ನು ಮಾತಿನಲ್ಲೇ ಆಡಿಸುತ್ತಿದ್ದವನಿಗೆ 'ಅ' ಎಂಬ ಒಂದೇ ಶಬ್ದ ಉಳಿಯಿತು. ಪೇಟೆಯಿಂದ ಬಂದ ಡಾಕ್ಟರು, ಬುದ್ಧಿ ನೆಟ್ಟಗಿದೆ, ಮೈ ಮಾತ್ರ ಇನ್ನು ಹೀಗೇ, ಎಂದು ಹೇಳಿ ಹೋದರು.

ಅಲ್ಲಿಂದ ರುದ್ರಮ್ಮನ ದಿನ ಬೇರೆಯಾಯಿತು. ಬೇರೆಯಾಯಿತು ಎಂದರೆ ಹಳೆಯ ಕೆಲಸ ಯಾವುದೂ ಬಿಟ್ಟುಹೋಗದೆ ಮೇಲೊಂದಷ್ಟು ಬಂದು ಕೂತಿತು. ಅವನನ್ನು ಮಗ್ಗುಲು ತಿರುಗಿಸಬೇಕು, ಬೆನ್ನು ಹುಣ್ಣಾಗದಂತೆ ಒರೆಸಬೇಕು, ಒದ್ದೆ ಪಂಚೆ ತೆಗೆದು ಹೊಳೆಗೆ ಒಯ್ಯಬೇಕು. ಲಿಂಗಪೂಜೆಯಾಗದೆ ಅವನು ಬಾಯಿಗೆ ಗುಟುಕು ನೀರನ್ನೂ ಬಿಡುತ್ತಿರಲಿಲ್ಲ. ಎಡ ಅಂಗೈಯಲ್ಲಿ ಲಿಂಗವನ್ನು ಅವನೇ ಹಿಡಿಯುತ್ತಿದ್ದ. ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಇಡಬೇಕಾದ ಬಲಗೈ ಅವಳದಾಯಿತು. ಅಷ್ಟೆಲ್ಲ ಮುಗಿಸಿ ಅವಳು ತನ್ನ ಪೂಜೆಗೆ ಕೂರುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಬಂದಿರುತ್ತಿತ್ತು.

ಕಲ್ಲೇಶಪ್ಪನ ತಮ್ಮ ನಂಜಪ್ಪ ಪಕ್ಕದ ಮನೆಯವನೇ. ಅವನೂ ಸಂತೆಯಲ್ಲಿ ಓಡಾಡುವವನು, ಅಣ್ಣನಷ್ಟು ಹೆಸರಿಲ್ಲ. ಒಂದು ದಿನ ಬಂದು ಜಗಲಿಯಲ್ಲಿ ಕೂತ.

"ಅತ್ಗೆ, ಸಂತೆ ನಾ ನೋಡ್ಕೋತೀನಿ. ಅಣ್ಣನ ಗಿರಾಕಿಗಳೆಲ್ಲ ನಂಗೆ ಗೊತ್ತವ್ರೇ. ತಿಂಗಳಿಗೆ ಇಷ್ಟು ಅಂತ ಅಕ್ಕಿ ಕಳಿಸ್ತೀನಿ. ನೀವು ಅಣ್ಣನ್ನ ನೋಡ್ಕೊಂಡಿರಿ, ಸಾಕು."

"ಎಷ್ಟು?"

"ಅಂದ್ರೆ?"

"ಇಷ್ಟು ಅಂದ್ರಲ್ಲ. ಎಷ್ಟು ಅಂತ ಕೇಳ್ದೆ."

ನಂಜಪ್ಪ ನಕ್ಕ. "ಮನೆಯೋರ ಹತ್ರಾನೂ ಯಾಪಾರಾನಾ ಅತ್ಗೆ?"

ಅಕ್ಕಿ ಬಂತು. ಅಕ್ಕಿ ಬಂದ ವಾರವೇ ನಂಜಪ್ಪನ ಮನೆಯಿಂದ ಭತ್ತ ಕುಟ್ಟಿಕೊಡಲು ಕರೆಯೂ ಬಂತು. ಮುಂದಿನ ತಿಂಗಳು ಬಂದದ್ದು ನುಚ್ಚು. ಅದರ ಜೊತೆಗೆ ನಂಜಪ್ಪ ಒಂದು ಮಾತನ್ನೂ ಹೇಳಿದ: "ಸುಮಿತ್ರೆ ಯಾಕೆ ಇನ್ನೂ ಸ್ಕೂಲಿಗೆ ಹೋಗ್ತಾ ಅದೆ? ಓದಿದ್ದು ಸಾಕು. ಅಪ್ಪನ ಹತ್ರ ಕೂತ್ರೆ ನಿಮ್ಗೂ ಕೈ ಬಿಡುವಾಗುತ್ತೆ."

ಅವನು ಕೆಟ್ಟದ್ದು ಯೋಚಿಸಿ ಹೇಳಿದ್ದಲ್ಲ. ಊರಲ್ಲಿ ಯಾರಾದರೂ ಹಾಗೇ ಹೇಳುತ್ತಿದ್ದರು. ಹೆಣ್ಣುಮಕ್ಕಳ ಓದನ್ನು ಯಾರೂ ನಿಲ್ಲಿಸಬೇಕಾಗಿಲ್ಲ; ಮನೆಯಲ್ಲಿ ಒಬ್ಬರು ಮಲಗಿದರೆ ಅದು ತಾನಾಗಿ ನಿಲ್ಲುತ್ತದೆ. ಏಳನೇ ಕ್ಲಾಸಿನಲ್ಲಿದ್ದ ಮಗಳು ಸುಮಿತ್ರೆ ಆಗಲೇ ದೊಡ್ಡವರಂತೆ ಅಪ್ಪನ ಕಾಲು ನೀವುತ್ತ, ಪಾಠದ ಪುಸ್ತಕವನ್ನು ಸೊಂಟದ ಪಕ್ಕ ಮುಚ್ಚಿಟ್ಟುಕೊಳ್ಳುವುದನ್ನು ಕಲಿತಿದ್ದಳು. ರುದ್ರಮ್ಮ ಅದನ್ನು ನೋಡಿದಳು. ಆ ಶುಕ್ರವಾರ ಸಂಜೆ, ಕೊಟ್ಟಿಗೆಯಲ್ಲಿ ಉಳಿದಿದ್ದ ಸ್ವಂತದ ಕಡಸಿನ ಮೈ ಉಜ್ಜಿ, ಕೋಡಿಗೆ ಎಣ್ಣೆ ಹಚ್ಚಿದಳು.

ಬೆಳಿಗ್ಗೆ ಸುಮಿತ್ರೆ ಕೇಳಿದಳು. "ನಾ ಇವತ್ತು ಸ್ಕೂಲಿಗೆ ಹೋಗಲ್ಲ ಬಿಡವ್ವ. ನೀ ಸಂತೆಗೆ ಹೋದ್ರೆ ಅಪ್ಪಯ್ಯನ ಹತ್ರ ಯಾರಿರ್ತಾರೆ?"

"ನೀ ಹೋಗು. ಅಪ್ಪಯ್ಯನೂ ಸಂತೆಗೆ ಬರ್ತಾರೆ."

ಗದ್ದೆ ಕೆಲಸಕ್ಕಿದ್ದ ಚಿಕ್ಕ ಎಂಬ ಮುದುಕ ಒಂದು ಕಡೆ, ಅವಳು ಒಂದು ಕಡೆ ಹಿಡಿದು ಕಲ್ಲೇಶಪ್ಪನನ್ನು ಗಾಡಿಗೆ ಏರಿಸಿದರು. ಹುಲ್ಲಿನ ಮೇಲೆ ಕಂಬಳಿ ಹಾಸಿ, ಬೆನ್ನಿಗೆ ಮೂಟೆ ಒತ್ತಿಟ್ಟು ಕೂರಿಸಿದರು. ಅವನು 'ಅ, ಅ' ಎಂದು ಕೂಗಾಡಿದ. ನಾಲ್ಕು ಜನ ನೋಡುವಂತೆ ತನ್ನನ್ನು ಹೊರಡಿಸುತ್ತಿದ್ದಾಳೆ ಎಂಬ ಸಿಟ್ಟು. ರುದ್ರಮ್ಮ ಅವನ ಪೇಟ ಸರಿಮಾಡಿದಳು. ಮಡಚಿ ಹೋದ ಬಲಗೈ ಯಾರಿಗೂ ಕಾಣದಿರಲಿ ಎಂದು ತೊಡೆಯ ಮೇಲೆ ಟವಲು ಹರಡಿದಳು.

ಸಂತೆಯಲ್ಲಿ ಅವಳಿಗೆ ಮೊದಲು ಅರ್ಥವಾದದ್ದು ಇದು: ದನದ ಹತ್ತಿರ ಬಂದವರು ದನವನ್ನು ನೋಡಿ, ಅವಳನ್ನು ನೋಡಿ, ಆಮೇಲೆ ಆಚೀಚೆ ನೋಡುತ್ತಾರೆ. ಗಂಡಸನ್ನು ಹುಡುಕುತ್ತಾರೆ.

"ಯಾಪಾರ ಮಾಡೋರು ಯಾರಮ್ಮ?"

"ನಾನೇ."

ಕೈ ಮುಂದೆ ಬರುವುದು ಅಲ್ಲಿಗೆ ನಿಲ್ಲುತ್ತಿತ್ತು. ಬೇರೆಯವನ ಹೆಂಡತಿಯ ಕೈಯನ್ನು ಬಟ್ಟೆಯ ಕೆಳಗೆ ಹಿಡಿಯುವವರು ಯಾರು? ಅವಳು ಬಾಯಿಬಿಟ್ಟು ಬೆಲೆ ಹೇಳಿದಳು. ಅದು ಇನ್ನೂ ತಪ್ಪಾಯಿತು. ಬೆಲೆ ಕೂಗುವುದು ಬದನೆಕಾಯಿಗೆ. ದನಕ್ಕೆ ಬೆಲೆ ಕೂಗಿದರೆ ಅದರಲ್ಲಿ ಏನೋ ಐಬು ಇದೆ ಎಂದು ಅರ್ಥ. ಜನ ಕಡಸಿನ ಬಾಯಿ ಬಿಡಿಸಿ ನೋಡಿದರು, ಬಾಲ ಎತ್ತಿ ನೋಡಿದರು, ಸರಿದು ಹೋದರು.

ಮಧ್ಯಾಹ್ನದ ಹೊತ್ತಿಗೆ ಪೊನ್ನಪ್ಪ ಬಂದ. ಮಾದಾಪುರದ ಕಡೆಯ ಕೊಡವರವನು, ಕಲ್ಲೇಶಪ್ಪನ ಹಳೆಯ ಗಿರಾಕಿ. ವ್ಯಾಪಾರಕ್ಕೆ ಬಂದದ್ದಲ್ಲ, ವಿಷಯ ತಿಳಿದು ಮುಖ ನೋಡಿ ಹೋಗಲು ಬಂದದ್ದು.

"ಎಂತ ಆಗಿಹೋಯ್ತು ಕಲ್ಲೇಶಪ್ಪ," ಎನ್ನುತ್ತ ಗಾಡಿಯ ಅಂಚಿಗೆ ಒರಗಿದ. ಕಡಸಿನ ಮೇಲೆ ಕಣ್ಣು ಬಿತ್ತು. ಮಾತಿಗೆ ಮಾತು ಸೇರಿಸುತ್ತಿದ್ದಂತೆ ಅವನ ಕೈ ಅಭ್ಯಾಸದಿಂದ ತಾನಾಗಿ ಟವಲಿನ ಕೆಳಗೆ ಹೋಯಿತು. ಬಲಗೈ ಕಲ್ಲಿನಂತೆ ಸಿಕ್ಕಿತು. ಹಾವು ಮುಟ್ಟಿದವನಂತೆ ಪೊನ್ನಪ್ಪ ಬೆಚ್ಚಿದ. ಅಷ್ಟರಲ್ಲಿ ಕಲ್ಲೇಶಪ್ಪನ ಎಡಗೈ ಟವಲಿನ ಕೆಳಗೆ ಸರಿದು ಬಂದು ಅವನ ಬೆರಳು ಹಿಡಿಯಿತು. ಪೊನ್ನಪ್ಪನ ಮುಖ ಬದಲಾಯಿತು. ಮರುಕ ಹೋಯಿತು, ಗಿರಾಕಿ ಬಂದ.

"ಎಡಗೈ ಕೊಡ್ತೀರಲ್ಲ ಮಾರಾಯ್ರೇ."

ರುದ್ರಮ್ಮ ಪಕ್ಕದಿಂದ ಹೇಳಿದಳು. "ಲಿಂಗ ಹಿಡಿಯೋ ಕೈ ಅದು. ನಿಮ್ಗೆ ಸಾಲ್ದಾ?"

ಕಡಸು ಒಳ್ಳೆಯ ಬೆಲೆಗೇ ಹೋಯಿತು.

ಮುಂದಿನ ವಾರಗಳಲ್ಲಿ ಅದು ಒಂದು ರೀತಿಯಾಯಿತು. ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಕೊಳ್ಳುವವನು ಕಲ್ಲೇಶಪ್ಪನ ಎಡಗೈಯಲ್ಲಿ ಬೆಲೆ ಇಟ್ಟು ಸರಿಯುತ್ತಾನೆ. ರುದ್ರಮ್ಮ ಟವಲಿನ ಕೆಳಗೆ ಕೈ ಹಾಕುತ್ತಾಳೆ. ಗಂಡ ಅವಳ ಬೆರಳು ಒತ್ತಿ ಹೇಳುತ್ತಾನೆ. ಅವಳು ಅದನ್ನು ಮಾರುವವರಿಗೆ ಮುಟ್ಟಿಸಬೇಕು. ಮಾರುವವರು ಗಂಡಸರಾದರೆ ಕಷ್ಟ. ಹಾಗಾಗಿ ಅವಳ ಹತ್ತಿರ ಬಂದವರು ಹೆಂಗಸರೇ: ಗಂಡ ಸತ್ತವರು, ಗಂಡ ಘಟ್ಟ ಇಳಿದು ಹೋದವರು, ಸಾಕಿದ ಕರುವನ್ನು ಮೈದುನನ ಕೈಗೆ ಕೊಟ್ಟು ಅವನು ಹೇಳಿದಷ್ಟನ್ನು ನಂಬುತ್ತಿದ್ದವರು. ಅವರ ಕೈಯನ್ನು ರುದ್ರಮ್ಮ ತನ್ನ ಸೆರಗಿನ ಕೆಳಗೆ ಹಿಡಿಯಬಹುದಿತ್ತು.

ನೋಡಿದವರು ಸುಮ್ಮನಿರಲಿಲ್ಲ. "ಧಾರೆ ದಿನ ಹಿಡಿದಿದ್ದು ಬಿಟ್ರೆ ಈಗ್ಲೇ ನೋಡು ಕಲ್ಲೇಶಪ್ಪ ಹೆಂಡ್ತಿ ಕೈ ಹಿಡಿದದ್ದು," ಎಂದು ಒಬ್ಬಳು ಹೇಳಿದರೆ ಇನ್ನೊಬ್ಬಳು, "ಅದಾದ್ರೂ ಹೋರಿ ಮಾರಕ್ಕೆ ಕಣೆ," ಎಂದಳು. ರುದ್ರಮ್ಮನಿಗೂ ನಗು ಬಂತು. ಆದರೆ ಅದು ನಿಜವಾಗಿತ್ತು. ಆ ಕೈ ಎಷ್ಟು ಮೆತ್ತಗಿದೆ ಎಂಬುದೂ ಅವಳಿಗೆ ಸಂತೆಯಲ್ಲೇ ತಿಳಿದದ್ದು. ಅವಳದು ಸಗಣಿ, ಬೂದಿ, ಸುಣ್ಣದಲ್ಲಿ ಬಿರಿದ ಕೈ.

ಹಾಸನದ ಕಡೆಯಿಂದ ಬಂದು ನೆಲೆಸಿದ್ದ ಕಾಳಮ್ಮ ಒಂದು ಶನಿವಾರ ತನ್ನ ಹೋರಿ ತಂದಳು. ಗಂಡ ಸತ್ತ ವರ್ಷ ಹುಟ್ಟಿದ ಕರು ಅದು. ಹಿಂದೆ ಅದರ ಅಣ್ಣನನ್ನು ಭಾವ ಮಾರಿಕೊಟ್ಟಿದ್ದ. ಎಷ್ಟಕ್ಕೆ ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

"ನಂಗೆ ಜಾಸ್ತಿ ಬೇಡ ರುದ್ರಮ್ಮೋರೆ. ಎಷ್ಟಕ್ಕೆ ಹೋಯ್ತು ಅಂತ ಗೊತ್ತಾದ್ರೆ ಸಾಕು," ಎಂದಳು.

ಪೊನ್ನಪ್ಪ ಬಂದು ಟವಲಿನ ಕೆಳಗೆ ಕೈ ಹಾಕಿ ಬಹಳ ಹೊತ್ತು ಹಿಡಿದು, ಬಿಟ್ಟು, ಮತ್ತೆ ಹಿಡಿದ. ಅವನು ಸರಿದ ಮೇಲೆ ಕಲ್ಲೇಶಪ್ಪ ರುದ್ರಮ್ಮನ ಕೈಯಲ್ಲಿ ನೂರ ಹತ್ತು ಒತ್ತಿದ. ಅವಳು ಅದನ್ನೇ ಕಾಳಮ್ಮನ ಕೈಯಲ್ಲಿ ಒತ್ತಿದಳು. ಕಾಳಮ್ಮ ಕಣ್ಣು ಮುಚ್ಚಿ ತಲೆಯಾಡಿಸಿದಳು. ಹಗ್ಗ ಬಿಚ್ಚಿ ಕೈಯಲ್ಲಿ ಸುತ್ತಿಕೊಂಡು ಸ್ವಲ್ಪ ದೂರದಲ್ಲಿ ಹೋಗಿ ಕೂತಳು. ಕೊಟ್ಟ ದನ ಹೋಗುವುದನ್ನು ಅವಳಿಗೆ ನೋಡಲಾಗಲಿಲ್ಲ.

ಪೊನ್ನಪ್ಪ ದುಡ್ಡು ಕೊಟ್ಟ. ರುದ್ರಮ್ಮ ನೋಡಿ ಹೇಳಿದಳು. "ಇಪ್ಪತ್ತು ಜಾಸ್ತಿ ಬಂತು, ಪೊನ್ನಪ್ಪನೋರೆ."

"ಎಂತ ಜಾಸ್ತಿ? ನೂರ ಮೂವತ್ತಕ್ಕಲ್ವಾ ಕೈ ಕೊಟ್ಟದ್ದು," ಎಂದು ಅವನು ತಾನು ತಂದಿದ್ದ ಹಗ್ಗವನ್ನು ಹೋರಿಗೆ ಕಟ್ಟಿ ಹೊಡೆದುಕೊಂಡು ನಡೆದ.

ಅವಳು ತಿರುಗಿ ಗಂಡನನ್ನು ನೋಡಿದಳು. ಅವನ ತುಟಿಯ ಎಡಭಾಗ ಮೇಲೇರಿತ್ತು. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಆ ನಗುವನ್ನು ಅವಳು ಇಪ್ಪತ್ತು ವರ್ಷ ನೋಡಿದ್ದಳು. ಶನಿವಾರ ಸಂಜೆ ಜಗಲಿ ಹತ್ತುವಾಗ ಬರುತ್ತಿದ್ದ ನಗು. ಮನೆಯ ಹೆಂಚು, ಅವಳ ಕೈಯ ಕಡಗ, ಸುಮಿತ್ರೆಯ ತೊಟ್ಟಿಲು ಎಲ್ಲಿಂದ ಬಂದವೆಂದು ಅವಳು ಯಾವತ್ತೂ ಕೇಳಿರಲಿಲ್ಲ. ದಲ್ಲಾಳಿ ಎಂದರೆ ಕೂಲಿ ಎಂದುಕೊಂಡಿದ್ದಳು. ಕೂಲಿ ಸಣ್ಣದು, ಮನೆ ನಡೆದದ್ದು ಎರಡು ಕೈಗಳ ನಡುವಿನ ಈ ಕತ್ತಲೆಯಿಂದ. ಈಗಲೂ ಅವನು ಮನೆಗಾಗಿಯೇ ದುಡಿದಿದ್ದ. ತಾನಿನ್ನೂ ಗಂಡಸು, ತಾನಿನ್ನೂ ಅನ್ನ ತರುವವನು ಎಂದು ಆ ಅರ್ಧ ನಗು ಹೇಳುತ್ತಿತ್ತು. ಅದನ್ನು ಒರೆಸಿಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಆ ಇಪ್ಪತ್ತು ರೂಪಾಯಿ ಎಂದರೆ ನಂಜಪ್ಪನ ನುಚ್ಚಿಗೆ ಕೈಯೊಡ್ಡದ ಒಂದು ತಿಂಗಳು.

ಆದರೆ ಕಾಳಮ್ಮ ಹಗ್ಗ ಸುತ್ತಿಕೊಂಡು ಕೂತಿದ್ದಳು. ಕೇಳಿದ್ದು ಒಂದೇ.

ರುದ್ರಮ್ಮ ಹೋಗಿ ಅಷ್ಟನ್ನೂ ಅವಳ ಮಡಿಲಿಗೆ ಹಾಕಿದಳು. "ನೂರ ಮೂವತ್ತಕ್ಕೆ ಹೋಯ್ತು ಕಣವ್ವ. ನಾ ಹೇಳಿದ್ದು ತಪ್ಪು. ನಮ್ಮ ಕೂಲಿ ಏನು ಬರುತ್ತೋ ಅದನ್ನ ನಿನ್ ಕೈಯಾರೆ ಕೊಡು."

ಕಲ್ಲೇಶಪ್ಪ ಗಾಡಿಯಿಂದ ನೋಡುತ್ತಿದ್ದ. ಅವನ ಎಡಗೈ ಟವಲಿನಿಂದ ಹೊರಬಂದು ಕಂಬಳಿಯ ಮಡಿಕೆಯೊಳಗೆ ಸೇರಿತು.

ಆ ವಾರವೆಲ್ಲ ಅವನು ಅವಳ ಮುಖ ನೋಡಲಿಲ್ಲ. ಪೂಜೆಗೆ ಅಂಗೈ ಚಾಚುತ್ತಿದ್ದ, ಅಷ್ಟೇ. ಗಂಜಿಯ ಬಟ್ಟಲನ್ನು ಒಮ್ಮೆ ಎಡಗೈಯಿಂದ ತಳ್ಳಿದ. ಹಾಸಿಗೆ, ನೆಲ, ಅವಳ ಸೀರೆ ಎಲ್ಲ ಗಂಜಿಯಾಯಿತು. ಅವಳು ಬಟ್ಟೆ ತಂದು ಒರೆಸಿದಳು. ಒರೆಸುತ್ತಲೇ ಹೇಳಿದಳು.

"ನೀವು ಚೆಲ್ಲಿದ್ದನ್ನ ನಾ ಬಳೀತೀನಿ. ಅದಕ್ಕೆ ಬೇಜಾರಿಲ್ಲ. ಆದ್ರೆ ನನ್ ಬೆರಳಲ್ಲಿ ಸುಳ್ಳು ಹೇಳಿಸ್ಬೇಡಿ. ಆ ಹೆಂಗಸ್ರು ನಾಳೆ ನನ್ನ ಹೊಳೇಲಿ ನೋಡ್ತಾರೆ, ಬಾವೀಲಿ ನೋಡ್ತಾರೆ. ನೀವು ಶನಿವಾರ ಮಾತ್ರ ಅವ್ರನ್ನ ನೋಡೋದು."

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ಶನಿವಾರ ಬಂತು. ಏರಿಸುವಾಗ ಅವನು ಬರಲೊಲ್ಲೆನೆಂದು ಗಾಡಿಯ ಗೂಟ ಹಿಡಿದುಕೊಂಡ. "ಬರ್ತೀರಾ ಅಂತ ಕೇಳ್ತಿಲ್ಲ. ಸುಮಿತ್ರೆಗೆ ಸ್ಕೂಲದೆ. ಮನೇಲಿ ಯಾರಿಲ್ಲ," ಎಂದಳು ರುದ್ರಮ್ಮ. ಚಿಕ್ಕ ಮೆಲ್ಲಗೆ ಬೆರಳು ಬಿಡಿಸಿದ.

ಕಾಳಮ್ಮ ಸುಮ್ಮನಿದ್ದಿರಲಿಲ್ಲ. ಸಂತೆಯಲ್ಲಿ ಮೂವರು ಹೆಂಗಸರು ದನ ಹಿಡಿದು ಕಾಯುತ್ತಿದ್ದರು. ಅದರಲ್ಲಿ ಮುತ್ತಿ ಎಂಬ ಮುದುಕಿಯದು ಒಂದು ಜೋಡಿ ಎತ್ತು, ನೋಡಿದವರು ನಿಂತು ನೋಡುವಂಥದ್ದು. ಮುಂಗಾರು ಹತ್ತಿರ ಬಂದಿತ್ತು, ಉಳುವ ಎತ್ತಿಗೆ ಜನ ಹುಡುಕುತ್ತಿದ್ದರು. ರುದ್ರಮ್ಮನಿಗೆ ಗೊತ್ತಿತ್ತು: ಇವತ್ತು ಈ ಮೂವರು ದನ ವಾಪಸು ಹೊಡೆದುಕೊಂಡು ಹೋದರೆ ಮುಂದಿನ ವಾರ ಯಾರೂ ಬರುವುದಿಲ್ಲ. ಅವಳಿಗೆ ನುಚ್ಚು, ಸುಮಿತ್ರೆಗೆ ಅಪ್ಪನ ಹಾಸಿಗೆ.

ಪೊನ್ನಪ್ಪ ಬಂದು ಟವಲಿನ ಕೆಳಗೆ ಕೈ ಹಾಕಿದ. ಎಡಗೈ ಅಲ್ಲಿತ್ತು, ಅಲುಗಲಿಲ್ಲ. ಅವನು ಬೆರಳು ಒತ್ತಿದ, ಮತ್ತೆ ಒತ್ತಿದ.

"ಎಂತ, ಈ ಕೈಯೂ ಹೋಯ್ತಾ?"

"ಕೈಗೇನಾಗಿಲ್ಲ. ಇವತ್ತು ಮಾತಾಡಲ್ಲ ಅದು," ಎಂದಳು ರುದ್ರಮ್ಮ. "ನೀವು ಬಾಯಲ್ಲಿ ಹೇಳಿ."

"ನಾಲ್ಕು ಜನರ ಎದುರು?"

"ನಾಲ್ಕು ಜನರ ಎದುರೇ. ಎತ್ತಲ್ಲಿ ಐಬಿದ್ರೆ ಅದನ್ನೂ ಎದುರಲ್ಲೇ ಹೇಳಿ."

ಪೊನ್ನಪ್ಪ ನಕ್ಕು ಹೋದ. ಆಚೆ ನಿಂತಿದ್ದ ನಂಜಪ್ಪ ಕೇಳುವಂತೆಯೇ ಹೇಳಿದ, "ಅಣ್ಣನ್ನ ಗಾಡೀಲಿಟ್ಟು ಮೆರವಣಿಗೆ ಮಾಡಿದ್ದಾಯ್ತು. ಈಗ ಸಂತೆ ಕೆಡಿಸಕ್ಕೆ ಹೊರಟ್ರು." ರುದ್ರಮ್ಮ ಮುತ್ತಿಯ ಎತ್ತುಗಳಿಗೆ ನೀರು ಕುಡಿಸಿದಳು. ನಡುವೆ ಗಂಡನ ಬಾಯಿಗೆ ಎರಡು ತುತ್ತು ರೊಟ್ಟಿ ಮೆದುಮಾಡಿ ಇಟ್ಟಳು. ಅದನ್ನು ಅವನು ನುಂಗಿದ.

ಪೊನ್ನಪ್ಪ ಸಂತೆಯನ್ನೆಲ್ಲ ಸುತ್ತಿದ. ಅಂಥ ಜೋಡಿ ಬೇರೆ ಸಿಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ತಿರುಗಿ ಬಂದು, ಅತ್ತಿತ್ತ ನೋಡಿ, ಹೇಳಬಾರದ್ದನ್ನು ಹೇಳುವವನ ಹಾಗೆ ಗಂಟಲು ಸರಿಮಾಡಿಕೊಂಡ.

"ಇನ್ನೂರ ಐವತ್ತು. ಜೋಡಿಗೆ."

ಜನ ತಿರುಗಿ ನೋಡಿದರು. ಮುತ್ತಿ ರುದ್ರಮ್ಮನ ಮುಖ ನೋಡಿದಳು. ಅಷ್ಟು ದೊಡ್ಡ ಎತ್ತುಗಳಿಗೆ ಅದು ಸರಿಯೋ ಅಲ್ಲವೋ ರುದ್ರಮ್ಮನಿಗೆ ತಿಳಿಯದು. ದನದ ಹೊಟ್ಟೆ ಬೆನ್ನು ಅವಳಿಗೆ ಗೊತ್ತು, ಬೆಲೆಯನ್ನು ಮಾತ್ರ ಯಾರೂ ಅವಳಿಗೆ ತಿಳಿಯಗೊಟ್ಟಿರಲಿಲ್ಲ. ಬಾಯಿಬಿಟ್ಟು ಕೇಳಿದ್ದಾಗಿತ್ತು, ಈಗ ಉತ್ತರ ಕೊಡಬೇಕು. ಅವಳು ಒಪ್ಪುವುದರಲ್ಲಿದ್ದಳು.

"ಅ!"

ಗಾಡಿಯಿಂದ ಬಂದ ಕೂಗಿಗೆ ಎತ್ತುಗಳೂ ಕಿವಿ ನಿಮಿರಿಸಿದವು. ಕಲ್ಲೇಶಪ್ಪನ ಮುಖ ಕೆಂಪಾಗಿತ್ತು. ಎಡಗೈ ಟವಲನ್ನು ಪಕ್ಕಕ್ಕೆಳೆಯಿತು. ಟವಲು ಜಾರಿ ಕೆಳಗೆ ಬಿತ್ತು. ಮಡಚಿದ ಬಲಗೈ ಎಲ್ಲರ ಕಣ್ಣೆದುರು ಬಿದ್ದುಕೊಂಡಿತು. ಅವನು ಅದರ ಕಡೆ ನೋಡಲಿಲ್ಲ. ಎಡಗೈಯನ್ನು ಮೇಲೆತ್ತಿ ಮೂರು ಬೆರಳು ನಿಲ್ಲಿಸಿದ. ಆಮೇಲೆ ಮುಷ್ಟಿ.

ಯಾವ ದಲ್ಲಾಳಿಯೂ ಬೆಳಕಿನಲ್ಲಿ ಬೆರಳು ತೋರಿಸಿದ್ದನ್ನು ಆ ಸಂತೆ ನೋಡಿರಲಿಲ್ಲ.

"ಮುನ್ನೂರ ಐವತ್ತು ಜಾಸ್ತಿ ಆಯ್ತು ಕಲ್ಲೇಶಪ್ಪ," ಎಂದ ಪೊನ್ನಪ್ಪ. ಅವನೂ ಕೈ ಮೇಲೆತ್ತಿ ಬೆರಳು ತೋರಿಸಿದ. ಕಲ್ಲೇಶಪ್ಪ ಒಪ್ಪದೆ ತಲೆಯಾಡಿಸಿದ. ಮತ್ತೆ ಬೆರಳು, ಮತ್ತೆ ಬೆರಳು. ಸುತ್ತ ನಿಂತವರು ಬಾಯಲ್ಲಿ ಲೆಕ್ಕ ಹೇಳತೊಡಗಿದರು. ಮುನ್ನೂರ ಮೂವತ್ತಕ್ಕೆ ನಿಂತಾಗ ಮುತ್ತಿ ಅದನ್ನು ತನಗೆ ತಾನೇ ಎರಡು ಸಲ ಹೇಳಿಕೊಂಡಳು.

ಅವನು ಹೆಂಡತಿಯ ಮಾತಿಗೆ ಒಪ್ಪಿ ಕೈ ಎತ್ತಿದನೋ, ಅಂಥ ಎತ್ತು ಅಷ್ಟಕ್ಕೆ ಹೋಗುವುದನ್ನು ಸಹಿಸಲಾರದೆ ಎತ್ತಿದನೋ, ರುದ್ರಮ್ಮ ಕೇಳಲಿಲ್ಲ. ಕೇಳಿದರೂ 'ಅ' ಎಂಬುದಕ್ಕಿಂತ ಹೆಚ್ಚು ಹೇಳಲು ಅವನಿಗೆ ಬರುತ್ತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ, ಕೊಡಗು ಮೈಸೂರಿಗೆ ಸೇರಿ ಹೋಗುವವರೆಗೂ, ಸಂತೆಯ ಆ ಮೂಲೆಯಲ್ಲಿ ಟವಲು ಹಾಕಲಿಲ್ಲ. ಗಂಡಸರ ಕಡೆ ಹಾಕುತ್ತಲೇ ಇದ್ದರು. ನಂಜಪ್ಪ ಕೊನೆಯವರೆಗೂ ಹಾಕಿದ. ಅವಳ ಕೂಲಿ ಸಣ್ಣದೇ ಇತ್ತು. ಹೆಂಚು ಒಡೆದಲ್ಲಿ ಹುಲ್ಲು ಹೊದೆಸಿದಳು, ಕಡಗ ಮಾರಿದಳು. ಸುಮಿತ್ರೆ ಮಾತ್ರ ಶನಿವಾರವೂ ಸ್ಕೂಲಿಗೆ ಹೋದಳು.

ಟವಲಿಲ್ಲದ ಆ ಮೊದಲ ದಿನ ವಾಪಸು ಬರುವಾಗ ದಾರಿಯಲ್ಲಿ ಕಲ್ಲೇಶಪ್ಪನ ಪಂಚೆ ಒದ್ದೆಯಾಯಿತು. ಅವನು ಮುಖ ತಿರುಗಿಸಿ ಕೂತ. ರುದ್ರಮ್ಮ ಗಾಡಿ ನಿಲ್ಲಿಸಿದಳು. ಜೊತೆಗೆ ನಡೆದು ಬರುತ್ತಿದ್ದ ಕಾಳಮ್ಮ ಏನೂ ಕೇಳದೆ ಹೆಗಲ ಮೇಲಿದ್ದ ತನ್ನ ಕಂಬಳಿ ಬಿಡಿಸಿ, ದಾರಿಯ ಕಡೆಗೆ ಬೆನ್ನು ಮಾಡಿ ಮರೆ ಹಿಡಿದು ನಿಂತಳು.

"ಮುಂದಿನ್ವಾರ ನನ್ ನಾದಿನೀನೂ ಬರ್ತೀನಿ ಅಂತಾವ್ಳೆ," ಎಂದಳು, ಆ ಕಡೆಗೇ ನೋಡುತ್ತ.

"ಶುಕ್ರವಾರ ಸಂಜೆ ಬಂದು ಕಟ್ಟಕ್ಕೆ ಹೇಳು. ಹುಲ್ಲು ಅವ್ಳೇ ತರ್ಲಿ," ಎಂದಳು ರುದ್ರಮ್ಮ.

ಅವಳು ಒಣ ಪಂಚೆ ಉಡಿಸಿ, ಒದ್ದೆಯದನ್ನು ಹಿಂಡಿ, ಗಾಡಿಯ ಗೂಟಕ್ಕೆ ಕಟ್ಟಿ ಗಾಳಿಗೆ ಬಿಟ್ಟಳು. ಎತ್ತುಗಳನ್ನು ಚಿಕ್ಕ ಮುಂದಕ್ಕೆ ಹೊಡೆದ.